ಹಾರುವ ಅಳಿಲಾ, ಶುಗರ್ ಗ್ಲೈಡರಾ? ಯಾವುದು ಸಾಕಬಹುದು?

ಓಹಾಯೋ ಅಮ್ಮ:
ನಾವಿರುವುದು ಕೊಲಂಬಸ್ ಹತ್ತಿರ. ಹನ್ನೊಂದು ವರ್ಷದ ಮಗಳು ಹೋದ ವಾರ ಒಂದು ಮೇಳದಲ್ಲಿ ಶುಗರ್ ಗ್ಲೈಡರ್ ಅನ್ನುವ, ಮರದಿಂದ ಮರಕ್ಕೆ ತೇಲುವ ಪುಟ್ಟ ಪ್ರಾಣಿ ನೋಡಿದಳು. ಮಾರುವವನು ಅದನ್ನು ಅವಳ ಸ್ವೆಟರ್ ಜೇಬಿಗೆ ಇಳಿಬಿಟ್ಟ, ಅದು ಅಲ್ಲೇ ಮುದುರಿ ಮಲಗಿತು, ಅವತ್ತಿನಿಂದ ಮನೆಯಲ್ಲಿ ಅದೇ ಜಪ. ಇತ್ತ ನಮ್ಮ ಹಿತ್ತಲಿನ ಓಕ್ ಮರದಿಂದ ರಾತ್ರಿ ಹೊತ್ತು ಹಕ್ಕಿಗಿಟ್ಟ ಕಾಳಿಗೆ ಹಾರುವ ಅಳಿಲುಗಳು ಬರುತ್ತವೆ. ಎರಡೂ ಒಂದೇ ಅಲ್ವಾ, ಸುಮ್ನೆ ದುಡ್ಡು ಯಾಕೆ ದಂಡ, ಇದರ ಮರಿಯನ್ನೇ ಹಿಡಿದು ಸಾಕೋಣ ಎನ್ನುತ್ತಾರೆ ನಮ್ಮ ಮನೆಯವರು. ಸಾಕಿದವರು ಯಾರಾದರೂ ಹೇಳಿ. ಬೇಸಿಗೆಯಲ್ಲಿ ಒಂದು ತಿಂಗಳು ಮೈಸೂರಿಗೆ ಹೋಗುವುದೂ ಇದೆ.

ರಾತ್ರಿಪಾಳಿ:
ಅಕ್ಕ, ಎರಡೂ ಒಂದೇ ಅಲ್ಲ, ನೆಂಟರೂ ಅಲ್ಲ. ಹಾರುವ ಅಳಿಲು ಇಲಿ-ಅಳಿಲುಗಳ ಕಡೆಯದು. ಗ್ಲೈಡರ್ ಕಾಂಗರೂ ಕಡೆಯದು, ಆಸ್ಟ್ರೇಲಿಯಾ, ನ್ಯೂಗಿನಿಯದು. ಮರಿ ಅಕ್ಕಿಕಾಳಿನಷ್ಟು ಇರುವಾಗಲೇ ಹುಟ್ಟಿ, ಎರಡು ತಿಂಗಳಿಗಿಂತ ಜಾಸ್ತಿ ತಾಯಿಯ ಹೊಟ್ಟೆಚೀಲದಲ್ಲಿ ಬೆಳೆಯುತ್ತದೆ.

ನಮ್ಮ ಮನೆಯಲ್ಲಿ ಆರು ವರ್ಷದಿಂದ ಗ್ಲೈಡರ್ ಇವೆ. ಜೇಬಿನಲ್ಲಿ ಮಲಗಿತು ಅಂದಿರಲ್ಲ, ಹಗಲು ಅದು ಮಲಗುವ ಹೊತ್ತು, ಅದಕ್ಕೆ ಮಲಗಿತು, ನಿಮ್ಮ ಮಗಳ ಮೇಲಿನ ಪ್ರೀತಿಗಲ್ಲ! ರಾತ್ರಿ ಎರಡು ಗಂಟೆಗೆ ನಾಯಿಮರಿ ಥರ ಬೊಗಳುತ್ತದೆ. ಪರದೆ ಮೇಲಿಂದ ಹೆಗಲಿಗೆ ಹಾರಿ ಬರುತ್ತದೆ, ಬಂದು ಅಲ್ಲೇ ಉಚ್ಚೆ ಹೊಯ್ಯುತ್ತದೆ. ಗಂಡಿನ ನೆತ್ತಿಯಲ್ಲಿ ಬೋಳು ಮಚ್ಚೆ ಇರುತ್ತದೆ, ವಾಸನೆಯ ಗ್ರಂಥಿ ಅದು. ಎಷ್ಟು ತೊಳೆದರೂ ಆ ಕೋಣೆಗೆ ಒಂದು ವಾಸನೆ ಇದ್ದೇ ಇರುತ್ತದೆ.

ಊಟದ್ದೇ ದೊಡ್ಡ ತಲೆನೋವು. ಮೊದಲನೆಯದನ್ನು ಮಾರಿದವನು ಒಣ ಕಾಳು, ಸೇಬಿನ ಹೋಳು ಸಾಕು ಎಂದಿದ್ದ. ಒಂದು ಬೆಳಿಗ್ಗೆ ನೋಡಿದರೆ ಮುಂಗಾಲಿನಿಂದ ತೆವಳುತ್ತಿದೆ, ಹಿಂಗಾಲು ಎಳೆದುಕೊಂಡು. ಕ್ಯಾಲ್ಸಿಯಂ ಕೊರತೆ. ನಾಯಿ ಬೆಕ್ಕಿನ ಡಾಕ್ಟರು ನೋಡುವುದಿಲ್ಲ ಎಂದರು, ನೋಡುವವರನ್ನು ಹುಡುಕುವಷ್ಟರಲ್ಲಿ ಉಳಿಯಲಿಲ್ಲ. ಈಗ ಜೇನು, ಬೇಯಿಸಿದ ಮೊಟ್ಟೆ, ಮಕ್ಕಳ ಸಿರಿಧಾನ್ಯದ ಪುಡಿ, ವಿಟಮಿನ್ ಪುಡಿ, ಬಿಸಿನೀರು ಹಾಕಿ ರುಬ್ಬಿ ಫ್ರೀಜರಿನಲ್ಲಿಟ್ಟು ದಿನಾ ಸಂಜೆ ಒಂದೊಂದು ಚಮಚ ಕೊಡುತ್ತೇನೆ, ಜೊತೆಗೆ ಹುಳ. ಮಾಂಸ ಮುಟ್ಟದ ನಮ್ಮಮ್ಮ ಇಲ್ಲಿಗೆ ಬಂದಾಗ ಹುಳದ ಡಬ್ಬಿ ನೋಡಿ ಎರಡು ದಿನ ಫ್ರಿಜ್ ಮುಟ್ಟಲಿಲ್ಲ.

ಒಂದನ್ನೇ ಸಾಕಬೇಡಿ. ಒಂಟಿಯಾದರೆ ಕೊರಗಿ ತನ್ನ ಬಾಲ ತಾನೇ ಕಚ್ಚಿಕೊಳ್ಳುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹನ್ನೆರಡು ವರ್ಷ ಬದುಕುತ್ತದೆ, ಮಗಳು ಕಾಲೇಜಿಗೆ ಹೋದ ಮೇಲೆ ಹುಳ ಹಾಕುವುದು ನೀವೇ.

ಗೋಡಂಬಿ:
ನಾನು ಹಾರುವ ಅಳಿಲಿನ ಕಡೆಯವನು. ಗ್ಲೈಡರಿನ ಅರ್ಧದಷ್ಟು ಗಾತ್ರ, ವಾಸನೆ ಕಮ್ಮಿ, ಗಲಾಟೆ ಕಮ್ಮಿ. ಮುಖ್ಯವಾಗಿ ಬೀಜಗಳು ಬೇಕು, ಹಿಕರಿ, ಪೆಕಾನ್, ಓಕ್ ಕಾಯಿ. ಹಲ್ಲು ಬೆಳೆಯುತ್ತಲೇ ಇರುತ್ತದಲ್ಲ, ಸಿಪ್ಪೆ ಸಮೇತ ಕೊಡಬೇಕು, ಕಡಿಯಲಿ. ಇದಕ್ಕೂ ಕ್ಯಾಲ್ಸಿಯಂ ಬೇಕೇ ಬೇಕು. ಕೊಟ್ಟದ್ದನ್ನೆಲ್ಲ ತಿನ್ನುವುದಿಲ್ಲ, ಅಡಗಿಸಿಡುತ್ತದೆ. ಹೋದ ಚಳಿಗಾಲದಲ್ಲಿ ಕೋಟು ಹಾಕಿಕೊಂಡು ಆಫೀಸಿಗೆ ಹೋದೆ, ಮೀಟಿಂಗಿನಲ್ಲಿ ಜೇಬಿಗೆ ಕೈ ಹಾಕಿದರೆ ಒಂಬತ್ತು ಪೆಕಾನ್!

ಆದರೆ ಹಿತ್ತಲಿನದನ್ನು ಮಾತ್ರ ಹಿಡಿಯಬೇಡಿ. ಕಾಡಿನಲ್ಲಿ ಬೆಳೆದದ್ದು ಪಳಗುವುದಿಲ್ಲ. ಅಮೆರಿಕದ ಪೂರ್ವ ಭಾಗದಲ್ಲಿ ಇವುಗಳಿಂದ ಮನುಷ್ಯರಿಗೆ ಟೈಫಸ್ ಜ್ವರ ಬಂದದ್ದುಂಟು. ಕಾನೂನೂ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಮೊದಲು ನಿಮ್ಮ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ. ಫ್ಲಾರಿಡಾದಲ್ಲಿ 2020ರಲ್ಲಿ ಕಳ್ಳಬೇಟೆಗಾರರ ಒಂದು ಗುಂಪನ್ನೇ ಹಿಡಿದರು. ಮೂರು ವರ್ಷದೊಳಗೆ 3,600ರಷ್ಟು ಅಳಿಲು ಹಿಡಿದು ಸಾಕಿದವು ಎಂದು ಸುಳ್ಳು ಹೇಳಿ ಮಾರಿದ್ದರಂತೆ. ಅಂಗಡಿಯಲ್ಲಿ 'ಸಾಕಿದ್ದು' ಅಂದ ತಕ್ಷಣ ನಂಬಬೇಡಿ.

ಟೆಕ್ಕಿ ತಮ್ಮ:
ಕೆಲಸದ ಮೇಲೆ ಕ್ಯಾಲಿಫೋರ್ನಿಯಾಗೆ ಹೋಗುವ ಯೋಚನೆ ಇದ್ದರೆ ಗ್ಲೈಡರ್ ಆಸೆ ಬಿಡಿ. ಅಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ. ನಾನು ಎರಡು ಗ್ಲೈಡರ್ ಸ್ನೇಹಿತನಿಗೆ ಕೊಟ್ಟು ಹೋಗಬೇಕಾಯಿತು. ಅವನ ಹೆಂಡತಿ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ.

ತೋಟದ ಮನೆ:
ನಾನು ಮೂಡಿಗೆರೆ ಕಡೆಯವನು. ನಮ್ಮಲ್ಲಿ ಹಾರುಬೆಕ್ಕು ಅನ್ನುತ್ತೇವೆ, ಅದೂ ಹಾರುವ ಅಳಿಲೇ, ಆದರೆ ಬಾಲ ಸೇರಿದರೆ ಮೂರಡಿ ಹತ್ತಿರ. ರಾತ್ರಿ ಹಲಸಿನ ಮರದಿಂದ ತೋಟದ ಆಚೆಗೆ ತೇಲಿ ಹೋಗುವಾಗ ಯಾರೋ ಟವೆಲ್ ಎಸೆದ ಹಾಗೆ ಕಾಣುತ್ತದೆ. ಇದನ್ನು ನೋಡಿದವರಿಗೆ ಪಂಜರದಲ್ಲಿಡಲು ಮನಸ್ಸೇ ಬರುವುದಿಲ್ಲ ಮೇಡಂ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯುವುದೂ ತಪ್ಪು. ನಿಮ್ಮ ಹಿತ್ತಲಿಗೇ ಬರುತ್ತವೆ ಅಂದ ಮೇಲೆ ಮರಕ್ಕೆ ಒಂದು ಗೂಡುಪೆಟ್ಟಿಗೆ ಕಟ್ಟಿ ಕಿಟಕಿಯಿಂದ ನೋಡಿ.

ಓಹಾಯೋ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಹುಳದ ವಿಷಯ ಓದಿ ನಮ್ಮ ಮನೆಯವರು ಗ್ಲೈಡರ್ ಬೇಡವೇ ಬೇಡ ಎಂದುಬಿಟ್ಟರು. ಮಗಳು ಒಂದು ದಿನ ಮುಖ ಊದಿಸಿಕೊಂಡಿದ್ದಳು, ಈಗ ಪೆಟ್ಟಿಗೆಗೆ ಒಪ್ಪಿದ್ದಾಳೆ. ಹಲಗೆ ತಂದಾಯಿತು. ತೂತು ಎಷ್ಟು ದೊಡ್ಡದು ಕೊರೆಯಬೇಕು?

ಗೋಡಂಬಿ:
ಒಂದೂಕಾಲರಿಂದ ಒಂದೂವರೆ ಇಂಚು. ಅದಕ್ಕಿಂತ ದೊಡ್ಡದಾದರೆ ಬೂದು ಅಳಿಲು ನುಗ್ಗುತ್ತದೆ.