ಗ್ಲೈಸ್ಕಾರ್‌ಗೆ ಟಾಕ್ಸಿಕ್ ಆರ್ಬ್ ಕೊಟ್ಟರೆ ಎಚ್‌ಪಿ ಏರುವ ಬದಲು ಇಳಿಯುತ್ತಿದೆ, ಏಕೆ?

ಇರುಳುರೆಕ್ಕೆ:

ಆಟ ಪೋಕೆಮಾನ್ ಸ್ಕಾರ್ಲೆಟ್, ಟೀಲ್ ಮಾಸ್ಕ್ ಎಂಬ ಹೆಚ್ಚುವರಿ ಭಾಗವೂ ಇದೆ. ಗ್ಲಿಗರ್ ಬೆಳೆದು ಗ್ಲೈಸ್ಕಾರ್ ಆಗಿದೆ. ಲೆವೆಲ್ 50, ಎಚ್‌ಪಿ (ಪ್ರಾಣಬಲ) 182. ವಿಷ ತಗುಲಿದರೆ ಗ್ಲೈಸ್ಕಾರ್ ಚೇತರಿಸಿಕೊಳ್ಳುತ್ತದೆ ಎಂದು ಓದಿ, ಹಿಡಿದವರಿಗೇ ವಿಷ ತಗುಲಿಸುವ ಟಾಕ್ಸಿಕ್ ಆರ್ಬ್ ಹಿಡಿಸಿದ್ದೇನೆ. ಎಬಿಲಿಟಿ (ಪೋಕೆಮಾನ್‌ನ ವಿಶೇಷ ಗುಣ) ಬದಲಾಗಲಿ ಎಂದು ಎಬಿಲಿಟಿ ಕ್ಯಾಪ್ಸೂಲ್ ಕೂಡ ಬಳಸಿದ್ದಾಯಿತು. ಆದರೂ ಒಂದು ಟರ್ನ್‌ಗೆ 11, ಮುಂದಿನದಕ್ಕೆ 22, ಅದರ ಮುಂದಿನದಕ್ಕೆ 33, ಹೀಗೆ ಎಚ್‌ಪಿ ಹೋಗುತ್ತಲೇ ಇದೆ. ಎಲ್ಲಿ ತಪ್ಪಿದೆ? ಸರಿಯಾದ ಮೇಲೆ ಇವಿ (ಎಚ್‌ಪಿ, ಡಿಫೆನ್ಸ್‌ನಂಥ ಬಲಗಳನ್ನು ಏರಿಸಲು ಹಂಚುವ ಅಂಕ) ಮತ್ತು ಮೂವ್‌ಗಳನ್ನು (ಕಾಳಗದ ಪಟ್ಟುಗಳನ್ನು) ಹೇಗೆ ಹೊಂದಿಸಬೇಕು ಅನ್ನುವುದನ್ನೂ ತಿಳಿಸಿ.

ಮುಳ್ಳುಬಾಲ:

ತಪ್ಪು ಆಗಿರುವುದು ಕ್ಯಾಪ್ಸೂಲ್‌ನಲ್ಲೇ. ಗ್ಲೈಸ್ಕಾರ್‌ಗೆ ಸಾಮಾನ್ಯ ಎಬಿಲಿಟಿ ಎರಡು: ಹೈಪರ್ ಕಟರ್, ಸ್ಯಾಂಡ್ ವೇಲ್. ಎಬಿಲಿಟಿ ಕ್ಯಾಪ್ಸೂಲ್ ಇವೆರಡರ ನಡುವೆ ಮಾತ್ರ ಅದಲುಬದಲು ಮಾಡುತ್ತದೆ. ನಿಮಗೆ ಬೇಕಾದ ಪಾಯ್ಸನ್ ಹೀಲ್ ಹಿಡನ್ ಎಬಿಲಿಟಿ. ಅದಕ್ಕೆ ಎಬಿಲಿಟಿ ಪ್ಯಾಚ್ ಬೇಕು. ಮುಖ್ಯ ಕಥೆ ಮುಗಿದ ಮೇಲೆ ತೆರೆಯುವ 6 ನಕ್ಷತ್ರದ ಟೆರಾ ರೇಡ್‌ಗಳಲ್ಲಿ (ಹಲವರು ಕೂಡಿ ಒಂದು ಬಲಿಷ್ಠ ಪೋಕೆಮಾನ್ ಎದುರಿಸುವ ಕಾಳಗ) ಪ್ಯಾಚ್ ಬಹುಮಾನವಾಗಿ ಬೀಳುವುದುಂಟು, ಆದರೆ ಪ್ರತಿ ಸಲವೂ ಅಲ್ಲ. ತಾಳ್ಮೆ ಬೇಕು.

ನೀವು ಕೊಟ್ಟ ಅಂಕಿಗಳೇ ಎಲ್ಲವನ್ನೂ ಹೇಳುತ್ತಿವೆ. 182ರ ಹದಿನಾರನೇ ಒಂದು ಪಾಲು 11. ಟಾಕ್ಸಿಕ್ ಆರ್ಬ್ ತಗುಲಿಸುವುದು ಘೋರ ವಿಷ, ಟರ್ನ್ ಕಳೆದಂತೆ ಅದರ ಪೆಟ್ಟು ಒಂದು ಪಾಲು, ಎರಡು ಪಾಲು, ಮೂರು ಪಾಲು ಎಂದು ಏರುತ್ತದೆ. ಪಾಯ್ಸನ್ ಹೀಲ್ ಇದ್ದರೆ ಈ ಪೆಟ್ಟು ಪೂರ್ತಿ ಇಲ್ಲವಾಗಿ, ಪ್ರತಿ ಟರ್ನ್ ಕೊನೆಗೆ ಒಟ್ಟು ಎಚ್‌ಪಿಯ ಎಂಟನೇ ಒಂದು ಪಾಲು ವಾಪಸ್ ಬರುತ್ತದೆ. ಹಿಡಿಸಿದರೆ ಪ್ರತಿ ಟರ್ನ್ ಎಚ್‌ಪಿ ಮರಳಿಸುವ ಲೆಫ್ಟೋವರ್ಸ್ ಕೊಡುವುದರ ಎರಡರಷ್ಟು ಇದು. ಈ ಪ್ರಾಣಿಯ ತಾಕತ್ತೆಲ್ಲ ಇರುವುದು ಇದೊಂದರಲ್ಲೇ. ಇದಿಲ್ಲದ ಗ್ಲೈಸ್ಕಾರ್‌ಗೆ ಆರ್ಬ್ ಹಿಡಿಸಬೇಡಿ.

ಪ್ಯಾಚ್ ಬಳಸುವಾಗ ಎರಡು ಎಚ್ಚರಿಕೆ. ಗ್ಲಿಗರ್‌ನ ಹಿಡನ್ ಎಬಿಲಿಟಿ ಇಮ್ಯೂನಿಟಿ, ಅಂದರೆ ಅದಕ್ಕೆ ವಿಷವೇ ತಗುಲುವುದಿಲ್ಲ. ಆ ಹಂತದಲ್ಲಿ ಆರ್ಬ್ ಕೊಟ್ಟು ಏನೂ ಆಗಲಿಲ್ಲ ಎಂದು ಗಾಬರಿಯಾಗಬೇಡಿ, ವಿಕಾಸವಾದ ಕೂಡಲೇ ಅದೇ ಪಾಯ್ಸನ್ ಹೀಲ್ ಆಗುತ್ತದೆ. ಇನ್ನೊಂದು, ಪಾಯ್ಸನ್ ಹೀಲ್ ಬಂದ ಮೇಲೆ ಅದರ ಮೇಲೆಯೇ ಇನ್ನೊಂದು ಪ್ಯಾಚ್ ಹಾಕಿದರೆ ಈ ಆಟದಲ್ಲಿ ಮತ್ತೆ ಸಾಮಾನ್ಯ ಎಬಿಲಿಟಿಗೆ ಮರಳುತ್ತದೆ.

ಎಂಟನೇಪಾಲು:

ಇವಿ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿ ಲೆಕ್ಕ ಬಹಳ ಚೆನ್ನಾಗಿ ಕೂಡಿಬರುತ್ತದೆ.

ಎಚ್‌ಪಿ 182 ಅಂದರೆ ನೀವು 252 ಇವಿಯನ್ನೂ ಎಚ್‌ಪಿಗೇ ಸುರಿದಿದ್ದೀರಿ. 182ರ ಎಂಟನೇ ಪಾಲು 22.75, ಆಟ ಅದನ್ನು 22ಕ್ಕೆ ಇಳಿಸುತ್ತದೆ. ಎಚ್‌ಪಿ 176 ಇದ್ದರೂ ಸಿಗುವುದು ಅದೇ 22. ಐವಿ (ಹುಟ್ಟಿನಿಂದ ಬರುವ ಅಂಕ) 31 ಇದ್ದಾಗ 176 ತಲುಪಲು 204 ಇವಿ ಸಾಕು, 48 ಇವಿ ಉಳಿಯಿತು. ಸಬ್‌ಸ್ಟಿಟ್ಯೂಟ್ (ಪೆಟ್ಟನ್ನು ತಾನು ತಿನ್ನುವ ಬೊಂಬೆ) ಹಾಕಲು ಕಾಲು ಭಾಗ ಎಚ್‌ಪಿ ತೆರಬೇಕು: 176ರಲ್ಲಿ 44. ಒಂದು ಟರ್ನ್ ಸಬ್‌ಸ್ಟಿಟ್ಯೂಟ್, ಮುಂದಿನ ಟರ್ನ್ ಪ್ರೊಟೆಕ್ಟ್ (ಆ ಟರ್ನ್‌ನ ಪೆಟ್ಟು ತಡೆಯುವ ಮೂವ್), ಎರಡೂ ಸೇರಿ 22+22 = 44. ತೆತ್ತದ್ದೆಲ್ಲ ಒಂದಂಕಿಯೂ ಬಿಡದೆ ಕೈಗೆ ಬಂತು. 182ರಲ್ಲಾದರೆ ತೆರುವುದು 45, ಬರುವುದು 44.

ನನ್ನ ಆಯ್ಕೆ ಲೆವೆಲ್ 50ಕ್ಕೆ: ಎಚ್‌ಪಿ 204, ಡಿಫೆನ್ಸ್ 52, ಸ್ಪೆಷಲ್ ಡಿಫೆನ್ಸ್ 252, ಕೇರ್‌ಫುಲ್ ನೇಚರ್ (ಸ್ಪೆಷಲ್ ಡಿಫೆನ್ಸ್ ಏರಿಸುವ ಸ್ವಭಾವ). ಡಿಫೆನ್ಸ್ ಬೇಸ್ 125 ಇರುವುದರಿಂದ ಅದು ಹುಟ್ಟಿನಿಂದಲೇ ಗಟ್ಟಿ; ಸ್ಪೆಷಲ್ ಡಿಫೆನ್ಸ್ 75 ಮಾತ್ರ, ಆಸರೆ ಬೇಕಾದದ್ದು ಅಲ್ಲಿಗೆ. ಲೆವೆಲ್ 100ರಲ್ಲಿ ಆಡುವವರು ಎಚ್‌ಪಿಗೆ 244 ಹಾಕಲಿ. ಆಗ ಎಚ್‌ಪಿ 352, ಪ್ರತಿ ಟರ್ನ್‌ಗೆ 44.

ಈಗಿರುವ ಎಚ್‌ಪಿ ಇವಿ ಇಳಿಸಲು ಪೊಮೆಗ್ ಬೆರ್ರಿ ತಿನ್ನಿಸಿ, ಒಂದಕ್ಕೆ 10 ಇಳಿಯುತ್ತದೆ. ಐದು ತಿನ್ನಿಸಿದರೆ 202 ಆಗುತ್ತದೆ, ಮೇಲೆ ಎರಡು ಹೆಲ್ತ್ ಫೆದರ್ ಕೊಟ್ಟರೆ 204. ಸ್ಪೆಷಲ್ ಡಿಫೆನ್ಸ್‌ಗೆ ಝಿಂಕ್ 25, ಕ್ಲೆವರ್ ಫೆದರ್ 2. ಡಿಫೆನ್ಸ್‌ಗೆ ಐರನ್ 5, ರೆಸಿಸ್ಟ್ ಫೆದರ್ 2. ಇವಿ ಬೇರೆಲ್ಲಾದರೂ ಮೊದಲೇ ಸೇರಿಕೊಂಡಿದ್ದರೆ ಒಟ್ಟು 510ರ ಮಿತಿಗೆ ತಾಗಿ ಝಿಂಕ್ ಕೆಲಸ ಮಾಡುವುದಿಲ್ಲ. ಮೊದಲು ಅದನ್ನು ಖಾಲಿ ಮಾಡಿ.

ಮುಳ್ಳುಬಾಲ:

ಲೆಕ್ಕ ಒಪ್ಪುತ್ತೇನೆ, ಆದರೆ ಸಬ್‌ಸ್ಟಿಟ್ಯೂಟ್ ಇಲ್ಲದ ಸೆಟ್‌ಗೆ 252 ಹಾಕಿದರೂ ನಷ್ಟವಿಲ್ಲ. ಆ ಹೆಚ್ಚಿನ 6 ಎಚ್‌ಪಿ ಎರಡೂ ಬಗೆಯ ಪೆಟ್ಟಿಗೆ ಒದಗುತ್ತದೆ.

ಮೂವ್‌ಗಳಿಗೆ ಬಂದರೆ, ಅರ್ಥ್‌ಕ್ವೇಕ್, ಟಾಕ್ಸಿಕ್, ಸಬ್‌ಸ್ಟಿಟ್ಯೂಟ್, ಪ್ರೊಟೆಕ್ಟ್ ಹಳೆಯ ನಂಬಿಕಸ್ಥ ಕೂಟ. ಟಾಕ್ಸಿಕ್ ತಗುಲದ ಸ್ಟೀಲ್ ಮತ್ತು ಪಾಯ್ಸನ್ ಟೈಪ್‌ಗಳಿಗೆ ಅರ್ಥ್‌ಕ್ವೇಕ್ ಇಮ್ಮಡಿ ಬೀಳುತ್ತದೆ, ಹಾಗಾಗಿ ಈ ಜೋಡಿ. ಇದು ಮುರಿಯುವುದು ಕಾರ್ವಿನೈಟ್ ಮುಂದೆ. ಫ್ಲೈಯಿಂಗ್ ಆದ್ದರಿಂದ ಅರ್ಥ್‌ಕ್ವೇಕ್ ತಾಗದು, ಸ್ಟೀಲ್ ಆದ್ದರಿಂದ ವಿಷ ತಗುಲದು. ಏರ್ ಬಲೂನ್ ಹಿಡಿದ ಗೋಲ್ಡೆಂಗೋ ಕೂಡ ಹಾಗೆಯೇ. ಇವು ಬಂದರೆ ಹಟ ಹಿಡಿಯದೆ ಬೇರೆ ಪೋಕೆಮಾನ್ ಇಳಿಸಿ. ಡ್ರಾಗಪಲ್ಟ್‌ಗೆ ಇನ್‌ಫಿಲ್ಟ್ರೇಟರ್ ಇದ್ದರೆ ಅದು ಸಬ್‌ಸ್ಟಿಟ್ಯೂಟ್ ದಾಟಿ ಹೊಡೆಯುತ್ತದೆ, ಹೈಪರ್ ವಾಯ್ಸ್‌ನಂಥ ಶಬ್ದದ ಮೂವ್‌ಗಳೂ ದಾಟುತ್ತವೆ. ತಂಡಕ್ಕೆ ನೆರವಾಗುವ ಗ್ಲೈಸ್ಕಾರ್ ಬೇಕಿದ್ದರೆ ಸಬ್‌ಸ್ಟಿಟ್ಯೂಟ್ ತೆಗೆದು ಸ್ಪೈಕ್ಸ್ (ಇಳಿಯುವವರನ್ನು ಚುಚ್ಚುವ ಮುಳ್ಳು), ಟಾಕ್ಸಿಕ್ ತೆಗೆದು ನಾಕ್ ಆಫ್ (ಎದುರಾಳಿ ಹಿಡಿದ ವಸ್ತು ಬೀಳಿಸುವ ಪೆಟ್ಟು) ಹಾಕಿ.

ಪ್ರೊಟೆಕ್ಟ್ ಮಾತ್ರ ಬಿಡಬೇಡಿ. ಆರ್ಬ್ ಕೆಲಸ ಮಾಡುವುದು ಟರ್ನ್‌ನ ಕೊನೆಯಲ್ಲಿ. ಕಾಳಗದ ಆರಂಭದಲ್ಲೇ ಗ್ಲೈಸ್ಕಾರ್ ನಿಂತಿದ್ದರೆ ಮೊದಲ ಟರ್ನ್ ಪೂರ್ತಿ ಅದಕ್ಕೆ ವಿಷ ಇರುವುದಿಲ್ಲ. ಆ ಗಳಿಗೆಯಲ್ಲಿ ಎದುರಾಳಿ ವಿಲ್-ಓ-ವಿಸ್ಪ್ ಹಾಕಿ ಸುಟ್ಟರೆ ಅಥವಾ ನಿದ್ದೆ ತರಿಸಿದರೆ ಆ ಸ್ಥಿತಿ ಹೋಗುವವರೆಗೆ ವಿಷಕ್ಕೆ ಜಾಗವಿಲ್ಲ, ಚೇತರಿಕೆಯೂ ಇಲ್ಲ. ಮೊದಲ ಟರ್ನ್ ಪ್ರೊಟೆಕ್ಟ್ ಹಾಕಿ ದಾಟಿಸಿ. ಟರ್ನ್ ನಡುವೆ ಬದಲಾಯಿಸಿ ಇಳಿಸಿದ್ದರೆ ಅದೇ ಟರ್ನ್ ಕೊನೆಗೆ ವಿಷ ತಗುಲುತ್ತದೆ, ಆಗ ಬೇಕಿಲ್ಲ. ಒಮ್ಮೆ ತಗುಲಿತೆಂದರೆ ಸುಡುವುದು, ನಿದ್ದೆ ಯಾವುದೂ ಬರದು. ಆಮೇಲೆ ನಾಕ್ ಆಫ್‌ನಿಂದ ಆರ್ಬ್ ಹಾರಿಹೋದರೂ ಚಿಂತೆ ಇಲ್ಲ, ವಿಷ ಉಳಿಯುತ್ತದೆ. ಪ್ರೊಟೆಕ್ಟ್ ಸಾಲಾಗಿ ಎರಡನೇ ಸಲ ಹಾಕಿದರೆ ಫಲಿಸುವ ಸಾಧ್ಯತೆ ಮೂರರಲ್ಲಿ ಒಂದು ಮಾತ್ರ.

ಹಿಮಭೀತಿ:

ಟೆರಾ (ಕಾಳಗದ ನಡುವೆ ಪೋಕೆಮಾನ್‌ನ ಟೈಪ್ ಬದಲಿಸುವುದು) ಬಗ್ಗೆ ಯಾರೂ ಹೇಳಿಲ್ಲ. ಗ್ರೌಂಡ್ ಮತ್ತು ಫ್ಲೈಯಿಂಗ್ ಎರಡಕ್ಕೂ ಐಸ್ ಆಗದು, ಹಾಗಾಗಿ ಗ್ಲೈಸ್ಕಾರ್‌ಗೆ ಐಸ್ ಪೆಟ್ಟು ನಾಲ್ಕು ಪಟ್ಟು. ವೀವೈಲ್, ಬ್ಯಾಕ್ಸ್‌ಕ್ಯಾಲಿಬರ್ ಕಂಡರೆ ಐಸ್ ಶಾರ್ಡ್ ಬರುತ್ತದೆ ಎಂದೇ ತಿಳಿಯಿರಿ. ಟೆರಾ ವಾಟರ್ ಮಾಡಿದರೆ ಅದೇ ಪೆಟ್ಟು ಅರ್ಧಕ್ಕೆ ಇಳಿಯುತ್ತದೆ, ಅರ್ಥ್‌ಕ್ವೇಕ್‌ನ ಬಲವೂ ಕುಗ್ಗುವುದಿಲ್ಲ. ಮೆಡಾಲಿಯ ಟ್ರೆಷರ್ ಈಟರಿಯಲ್ಲಿ 50 ವಾಟರ್ ಟೆರಾ ಶಾರ್ಡ್ ಕೊಟ್ಟರೆ ಬದಲಾಯಿಸಿಕೊಡುತ್ತಾರೆ. ಆದರೆ ಟೆರಾ ಆದ ಮೇಲೆ ಅದು ಹಾರುವ ಪ್ರಾಣಿಯಲ್ಲ: ಎಲೆಕ್ಟ್ರಿಕ್ ಇಮ್ಮಡಿ ಬೀಳುತ್ತದೆ, ಗ್ರೌಂಡ್ ಮೂವ್ ತಾಗುತ್ತದೆ, ಮತ್ತೆ ಇಳಿಸುವಾಗ ಎದುರಾಳಿಯ ಸ್ಪೈಕ್ಸ್ ಚುಚ್ಚುತ್ತದೆ.

ಟೆರಾ ಸ್ಟೀಲ್ ಆರಿಸುವವರು ವಿಷ ತಗುಲಿದ ಮೇಲೆಯೇ ಟೆರಾ ಮಾಡಿ. ಮೊದಲೇ ಸ್ಟೀಲ್ ಆದರೆ ಆರ್ಬ್ ವಿಷ ತಗುಲಿಸಲಾರದು.

ಇರುಳುರೆಕ್ಕೆ:

ಎಲ್ಲರಿಗೂ ತುಂಬಾ ಧನ್ಯವಾದ. ಎಬಿಲಿಟಿ ನೋಡಿದೆ, ಸ್ಯಾಂಡ್ ವೇಲ್ ಎಂದೇ ಇದೆ. ಇನ್ನೊಂದು ಗ್ಲಿಗರ್ ಇದೆ. ರೇಜರ್ ಫ್ಯಾಂಗ್ ಹಿಡಿಸಿ ರೇರ್ ಕ್ಯಾಂಡಿ ಕೊಟ್ಟರೂ ಅದು ವಿಕಾಸವಾಗಲಿಲ್ಲ. ಮೊದಲನೆಯದಕ್ಕೆ ಇದೇ ಕ್ರಮ ಫಲಿಸಿತ್ತು.

ಮುಳ್ಳುಬಾಲ:

ಹಗಲಿನಲ್ಲಿ ಕೊಟ್ಟಿರುತ್ತೀರಿ. ರೇಜರ್ ಫ್ಯಾಂಗ್ ಹಿಡಿದು ರಾತ್ರಿ ಹೊತ್ತಿನಲ್ಲೇ ಲೆವೆಲ್ ಏರಬೇಕು. ಸ್ಕಾರ್ಲೆಟ್‌ನಲ್ಲಿ ಹಗಲು ರಾತ್ರಿ ಆಟದೊಳಗೇ ಸುತ್ತುತ್ತವೆ, ಕನ್ಸೋಲ್‌ನ ಗಡಿಯಾರ ತಿರುಗಿಸಿ ಪ್ರಯೋಜನವಿಲ್ಲ. ಆಕಾಶ ಪೂರ್ತಿ ಕಪ್ಪಾಗುವವರೆಗೆ ಕಾದು ಇನ್ನೊಂದು ಕ್ಯಾಂಡಿ ಕೊಡಿ. ವಿಕಾಸವಾದಾಗ ಫ್ಯಾಂಗ್ ಖರ್ಚಾಗುತ್ತದೆ, ಕೈ ಖಾಲಿ ಇರುವಾಗಲೇ ಆರ್ಬ್ ಹಿಡಿಸಿಬಿಡಿ.