ಎಫ್‌ಎಫ್‌ಟಿಯ ಉದ್ದ ಹೆಚ್ಚಿಸಿದರೂ ನಾಯ್ಸ್‌ನ ಏರಿಳಿತ ಏಕೆ ತಗ್ಗುವುದಿಲ್ಲ?

ಪ್ರಶ್ನೆ: ಪೀಣ್ಯದ ಕಂಪನ

ಎಲ್ಲರಿಗೂ ನಮಸ್ಕಾರ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಮೋಟರ್ ಮತ್ತು ಪಂಪ್‌ಗಳ ಕಂಪನವನ್ನು ಅಳೆದು, ಬೇರಿಂಗ್ ಸವೆಯುತ್ತಿರುವ ಸುಳಿವನ್ನು ಮೊದಲೇ ಹಿಡಿಯುವುದು ನನ್ನ ಕೆಲಸ. ಆಕ್ಸೆಲೆರೋಮೀಟರ್‌ನಿಂದ ಬರುವ ಸಿಗ್ನಲ್ಲನ್ನು ಸೆಕೆಂಡಿಗೆ 10,240 ಸ್ಯಾಂಪಲ್‌ಗಳಂತೆ ದಾಖಲಿಸಿಕೊಂಡು, ಪೈಥಾನ್‌ನಲ್ಲಿ ಎಫ್‌ಎಫ್‌ಟಿ (ಸಿಗ್ನಲ್ಲಿನಲ್ಲಿ ಯಾವ ಆವೃತ್ತಿ ಎಷ್ಟಿದೆ ಎಂದು ಬಿಡಿಸಿ ತೋರಿಸುವ ಲೆಕ್ಕ) ತೆಗೆದು ನೋಡುತ್ತೇವೆ. ಸೈನ್ ಅಲೆಯೊಂದು ಬಂದರೆ ಅದರ ಎತ್ತರ ಸರಿಯಾಗಿ ಕಾಣುವಂತೆ ಫಲಿತಾಂಶವನ್ನು ಸ್ಯಾಂಪಲ್‌ಗಳ ಸಂಖ್ಯೆಯಿಂದ ಭಾಗಿಸುತ್ತೇವೆ.

ಮೋಟರ್ ನಿಂತಿರುವಾಗ, ಅಂದರೆ ಸೆನ್ಸರ್‌ನ ಸ್ವಂತ ನಾಯ್ಸ್ ಮಾತ್ರ ಇರುವಾಗ ತೆಗೆದ ದಾಖಲೆಯನ್ನು ಪರಿಶೀಲಿಸುತ್ತಿದ್ದೆ. 1,024 ಸ್ಯಾಂಪಲ್‌ಗಳ ಎಫ್‌ಎಫ್‌ಟಿಯ ಬದಲು 65,536 ಸ್ಯಾಂಪಲ್‌ಗಳದ್ದನ್ನು ತೆಗೆದಾಗ ನಾಯ್ಸ್‌ನ ಮಟ್ಟ ಸುಮಾರು 18 ಡೆಸಿಬೆಲ್ ಕೆಳಗಿಳಿಯಿತು. ಸೆನ್ಸರ್ ಅದೇ, ತಂತಿ ಅದೇ. ಹಾಗಿರುವಾಗ ನಾಯ್ಸ್ ಕಡಿಮೆಯಾದದ್ದು ಹೇಗೆ? ಇನ್ನೊಂದು ಕಡೆ, 64 ಪಟ್ಟು ಹೆಚ್ಚು ದತ್ತಾಂಶ ಕೊಟ್ಟಿದ್ದರಿಂದ ಗೆರೆ ನಯವಾಗಬೇಕೆಂದು ನಾನು ಎಣಿಸಿದ್ದೆ. ಅದು ಮೊದಲಿನಷ್ಟೇ ಒರಟಾಗಿದೆ, ನೋಡಲು ಇನ್ನೂ ಒರಟು. ಪಠ್ಯಪುಸ್ತಕಗಳಲ್ಲಿ ವೈಟ್, ಗೌಸಿಯನ್ ಎಂಬ ಎರಡು ಮಾತುಗಳು ಯಾವಾಗಲೂ ಜೋಡಿಯಾಗಿಯೇ ಬರುತ್ತವೆ. ಇವೆರಡೂ ಒಂದೇ ಗುಣವನ್ನು ಹೇಳುತ್ತವೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ: ಮಲ್ಲೇಶ್ವರದ ಮೇಷ್ಟ್ರು

ನಿಮ್ಮ ಎರಡು ಅನುಮಾನಗಳೂ ಹುಟ್ಟುವುದು ಒಂದೇ ಕಡೆಯಿಂದ. ಎಫ್‌ಎಫ್‌ಟಿಯ ಪ್ರತಿಯೊಂದು ಬಿನ್, ಅಂದರೆ ಫಲಿತಾಂಶದಲ್ಲಿ ಒಂದೊಂದು ಆವೃತ್ತಿಗೆ ಮೀಸಲಾದ ಮನೆ, ಒಂದು ಕಿರಿದಾದ ಫಿಲ್ಟರ್‌ನ ಹಾಗೆ ಕೆಲಸ ಮಾಡುತ್ತದೆ ಎಂದು ಭಾವಿಸಿಕೊಂಡರೆ ಮೊದಲ ಅನುಮಾನ ಬಗೆಹರಿಯುತ್ತದೆ. ನಿಮ್ಮ ಸ್ಯಾಂಪಲಿಂಗ್ ದರಕ್ಕೆ 1,024ರ ಎಫ್‌ಎಫ್‌ಟಿಯಲ್ಲಿ ಬಿನ್‌ನ ಅಗಲ 10 ಹರ್ಟ್ಸ್; 65,536ರದ್ದರಲ್ಲಿ 0.16 ಹರ್ಟ್ಸ್‌ಗಿಂತ ತುಸು ಕಡಿಮೆ. ಸೆನ್ಸರ್‌ನ ನಾಯ್ಸ್ ಎಲ್ಲ ಆವೃತ್ತಿಗಳಲ್ಲೂ ಹರಡಿಕೊಂಡಿರುವುದರಿಂದ ಅದರಲ್ಲಿ ಸ್ಥಿರವಾಗಿ ಉಳಿಯುವ ಪ್ರಮಾಣವೆಂದರೆ ಪ್ರತಿ ಹರ್ಟ್ಸ್‌ಗೆ ಇಷ್ಟು ಪವರ್ ಎಂಬ ಸಾಂದ್ರತೆ ಮಾತ್ರ. ಬಿನ್ 64 ಪಟ್ಟು ಕಿರಿದಾದಾಗ ಅದರೊಳಗೆ ಬೀಳುವ ನಾಯ್ಸ್‌ನ ಪವರ್ ಕೂಡ 64ರಲ್ಲಿ ಒಂದು ಪಾಲಾಗುತ್ತದೆ, ಡೆಸಿಬೆಲ್‌ನಲ್ಲಿ ಅದು 18. ಒಟ್ಟು ನಾಯ್ಸ್ ಎಳ್ಳಷ್ಟೂ ಕಡಿಮೆಯಾಗಿಲ್ಲ. ಬಿನ್‌ಗಳ ಸಂಖ್ಯೆ ಅಷ್ಟೇ ಪಟ್ಟು ಹೆಚ್ಚಿರುವುದರಿಂದ ಎಲ್ಲವನ್ನೂ ಕೂಡಿಸಿದರೆ ಹಿಂದಿನ ಮೊತ್ತವೇ ಬರುತ್ತದೆ. ಸೈನ್ ಅಲೆಯ ಪವರ್ ಮಾತ್ರ ಒಂದೇ ಆವೃತ್ತಿಯಲ್ಲಿ ಇರುವ ಕಾರಣ ಬಿನ್ ಕಿರಿದಾದರೂ ಅದು ಇಳಿಯುವುದಿಲ್ಲ. ಹೀಗಾಗಿ, ಎಫ್‌ಎಫ್‌ಟಿಯ ಉದ್ದವನ್ನು ಹೇಳದೆ ನಾಯ್ಸ್‌ನ ಮಟ್ಟ ಇಷ್ಟು ಡೆಸಿಬೆಲ್ ಎಂದು ವರದಿಯಲ್ಲಿ ಬರೆದರೆ ಆ ಸಂಖ್ಯೆಗೆ ಅರ್ಥವಿಲ್ಲ. ಇಂಥ ವರದಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಇನ್ನು ಒರಟುತನ. ಒಂದು ಬಿನ್‌ನ ಬೆಲೆ ಸಿಗುವುದು ಎಲ್ಲ ಸ್ಯಾಂಪಲ್‌ಗಳನ್ನು ಆ ಆವೃತ್ತಿಯ ಕೊಸೈನ್ ಮತ್ತು ಸೈನ್‌ಗಳಿಂದ ಗುಣಿಸಿ ಕೂಡಿಸಿದಾಗ. ಸ್ಯಾಂಪಲ್‌ಗಳು ಯಾದೃಚ್ಛಿಕವಾದ್ದರಿಂದ ಈ ಎರಡು ಮೊತ್ತಗಳೂ ಯಾದೃಚ್ಛಿಕವೇ, ಸರಾಸರಿ ಸೊನ್ನೆ, ಎರಡರ ಹರಡಿಕೆಯೂ ಸಮ. ಇವುಗಳ ವರ್ಗಗಳನ್ನು ಕೂಡಿಸಿದಾಗ ಬರುವ ಪವರ್ ಎಕ್ಸ್‌ಪೊನೆನ್ಷಿಯಲ್ ಹಂಚಿಕೆಯನ್ನು ಅನುಸರಿಸುತ್ತದೆ, ಮತ್ತು ಆ ಹಂಚಿಕೆಯಲ್ಲಿ ಮಾನಕ ವಿಚಲನೆಯು ಸರಾಸರಿಗೆ ಸಮನಾಗಿರುತ್ತದೆ. ಡೆಸಿಬೆಲ್‌ಗೆ ಪರಿವರ್ತಿಸಿದರೆ ಅದು ಸುಮಾರು 5.6 ಡೆಸಿಬೆಲ್‌ನ ಏರಿಳಿತ. ಇಲ್ಲಿ ಸ್ಯಾಂಪಲ್‌ಗಳ ಸಂಖ್ಯೆ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ನೀವು ಹೆಚ್ಚಾಗಿ ಕೊಟ್ಟ ದತ್ತಾಂಶವೆಲ್ಲ ಬಿನ್‌ಗಳನ್ನು ಕಿರಿದಾಗಿಸುವುದಕ್ಕೇ ಖರ್ಚಾಗಿದೆ. ಒಂದೊಂದು ಬಿನ್‌ಗೂ ಸಿಕ್ಕಿದ್ದು ಮೊದಲಿನ ಹಾಗೆಯೇ ಒಂದೇ ಒಂದು ಅಳತೆ.

ಆರ್ಥರ್ ಶುಸ್ಟರ್ 1898ರಲ್ಲಿ ಪೀರಿಯಡೋಗ್ರಾಮ್ ಎಂದು ಹೆಸರಿಟ್ಟ ವಿಧಾನದ ಜೊತೆಗೇ ಈ ಕೊರತೆಯೂ ಹುಟ್ಟಿತು. ಪರಿಹಾರವೆಂದರೆ ದಾಖಲೆಯನ್ನು ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಪವರ್ ಸ್ಪೆಕ್ಟ್ರಮ್ ತೆಗೆದು, ಬಿನ್‌ಗೆ ಬಿನ್ ಸರಾಸರಿ ಮಾಡುವುದು. ಬಾರ್ಟ್ಲೆಟ್ ತೋರಿಸಿದ ಈ ದಾರಿಗೆ ಪೀಟರ್ ವೆಲ್ಚ್ 1967ರಲ್ಲಿ ವಿಂಡೋ (ತುಂಡಿನ ಅಂಚುಗಳನ್ನು ಮೆಲ್ಲಗೆ ತಗ್ಗಿಸುವ ತೂಕ) ಮತ್ತು ಒಂದರ ಮೇಲೊಂದು ಚಾಚಿಕೊಂಡ ತುಂಡುಗಳನ್ನು ಸೇರಿಸಿದರು. ನಿಮ್ಮ 65,536 ಸ್ಯಾಂಪಲ್‌ಗಳನ್ನು 1,024ರ 64 ತುಂಡುಗಳಾಗಿ ಮಾಡಿದರೆ ಏರಿಳಿತ 64ರ ವರ್ಗಮೂಲದಷ್ಟು, ಅಂದರೆ 8 ಪಟ್ಟು ತಗ್ಗಿ, ಸುಮಾರು ಅರ್ಧ ಡೆಸಿಬೆಲ್‌ಗೆ ಬರುತ್ತದೆ. ಹ್ಯಾನ್ ವಿಂಡೋ ಬಳಸಿ ತುಂಡುಗಳನ್ನು ಅರ್ಧದಷ್ಟು ಚಾಚಿಸಿದರೆ ಅದೇ ದಾಖಲೆಯಿಂದ 127 ತುಂಡುಗಳು ಸಿಗುತ್ತವೆ, ಮತ್ತು ನೆರೆಯ ತುಂಡುಗಳ ನಡುವಿನ ಸಹಸಂಬಂಧ ತೀರ ಕಡಿಮೆಯಿರುವುದರಿಂದ ಅವು ಸುಮಾರು 120 ಸ್ವತಂತ್ರ ತುಂಡುಗಳ ಕೆಲಸ ಮಾಡುತ್ತವೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಬಿನ್‌ನ ಅಗಲ ಮತ್ತೆ 10 ಹರ್ಟ್ಸ್ ಆಗುತ್ತದೆ, ಹ್ಯಾನ್ ವಿಂಡೋದಿಂದ ನಾಯ್ಸ್‌ನ ಪಾಲಿಗೆ ಅದು 15 ಹರ್ಟ್ಸ್‌ನಂತೆ ವರ್ತಿಸುತ್ತದೆ. ಹತ್ತಿರ ಹತ್ತಿರ ಇರುವ ಎರಡು ಬೇರಿಂಗ್ ಗೆರೆಗಳನ್ನು ಬಿಡಿಸಿ ನೋಡಬೇಕಾದರೆ ನೀವು ತುಂಡಿನ ಉದ್ದವನ್ನೂ ದಾಖಲೆಯ ಅವಧಿಯನ್ನೂ ಒಟ್ಟಿಗೇ ಹೆಚ್ಚಿಸಬೇಕು.

ಪೈಥಾನ್‌ನ ಸೈಪೈ ಲೈಬ್ರರಿಯ ವೆಲ್ಚ್ ಫಂಕ್ಷನ್‌ಗೆ ನೀವು ಏನನ್ನೂ ಹೇಳದಿದ್ದರೆ ಅದು 256 ಸ್ಯಾಂಪಲ್‌ಗಳ ತುಂಡು ಮತ್ತು ಹ್ಯಾನ್ ವಿಂಡೋ ತೆಗೆದುಕೊಂಡು, ಫಲಿತಾಂಶವನ್ನು ಸಾಂದ್ರತೆಯಾಗಿ ಕೊಡುತ್ತದೆ. ನಾಯ್ಸ್‌ಗೆ ಸಾಂದ್ರತೆಯೇ ಸರಿ, ಆದರೆ ನಿಮ್ಮ ಸೈನ್ ಅಲೆಯ ಎತ್ತರವನ್ನು ಅದರಿಂದ ನೇರವಾಗಿ ಓದಬೇಡಿ. ಸರಾಸರಿಯನ್ನು ಪವರ್‌ನಲ್ಲಿಯೇ ಮಾಡಿ ಆಮೇಲೆ ಡೆಸಿಬೆಲ್‌ಗೆ ಹೋಗಬೇಕು. ಡೆಸಿಬೆಲ್‌ಗಳನ್ನೇ ಸರಾಸರಿ ಮಾಡಿದರೆ ನಾಯ್ಸ್ ಇರುವುದಕ್ಕಿಂತ 2.5 ಡೆಸಿಬೆಲ್ ಕಡಿಮೆ ಕಾಣುತ್ತದೆ, ಎಷ್ಟು ತುಂಡುಗಳನ್ನು ಸೇರಿಸಿದರೂ ಆ ತಪ್ಪು ಹೋಗುವುದಿಲ್ಲ.

ಉತ್ತರ: ಹಿಸ್ಟೋಗ್ರಾಮ್ ಪ್ರಿಯ

ಮೇಷ್ಟ್ರು ಮುಟ್ಟದೆ ಬಿಟ್ಟ ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ವೈಟ್ ಎಂಬುದು ಒಂದು ಸ್ಯಾಂಪಲ್‌ಗೂ ಮತ್ತೊಂದಕ್ಕೂ ಸಹಸಂಬಂಧವಿಲ್ಲ ಎಂಬ ಮಾತು. ಗೌಸಿಯನ್ ಎಂಬುದು ಒಂದೇ ಸ್ಯಾಂಪಲ್ ಯಾವ ಬೆಲೆಯನ್ನು ಎಷ್ಟು ಸಂಭವನೀಯತೆಯಿಂದ ಪಡೆಯುತ್ತದೆ ಎಂಬ ಮಾತು. ಒಂದನ್ನು ತಿಳಿದರೆ ಇನ್ನೊಂದು ತಿಳಿಯುವುದಿಲ್ಲ. ನಾಣ್ಯ ಚಿಮ್ಮಿ ಬಿದ್ದುದಕ್ಕೆ ತಕ್ಕಂತೆ +1 ಅಥವಾ −1 ಬರೆಯುತ್ತ ಹೋದರೆ ಸಿಗುವ ಸರಣಿ ಸಂಪೂರ್ಣ ವೈಟ್, ಆದರೆ ಅದರಲ್ಲಿ ಎರಡೇ ಬೆಲೆಗಳಿರುವುದರಿಂದ ಗೌಸಿಯನ್ ಅಲ್ಲವೇ ಅಲ್ಲ. ಗೌಸಿಯನ್ ವೈಟ್ ನಾಯ್ಸನ್ನು ಲೋ ಪಾಸ್ ಫಿಲ್ಟರ್‌ಗೆ ಹಾಯಿಸಿದರೆ ಹೊರಬರುವುದು ಗೌಸಿಯನ್ ಆಗಿಯೇ ಉಳಿದಿರುತ್ತದೆ, ವೈಟ್ ಆಗಿರುವುದಿಲ್ಲ.

ಕುತೂಹಲದ ಸಂಗತಿಯೆಂದರೆ, ಆ ನಾಣ್ಯದ ಸರಣಿಯ ಎಫ್‌ಎಫ್‌ಟಿ ತೆಗೆದರೆ ಅದರ ಸ್ಪೆಕ್ಟ್ರಮ್ ಗೌಸಿಯನ್ ನಾಯ್ಸ್‌ನದಕ್ಕಿಂತ ಬೇರೆಯಾಗಿ ಕಾಣುವುದಿಲ್ಲ. ಪ್ರತಿ ಬಿನ್ ಸಾವಿರಾರು ಸ್ಯಾಂಪಲ್‌ಗಳ ಮೊತ್ತವಾಗಿರುವುದರಿಂದ ಕೇಂದ್ರೀಯ ಮಿತಿ ಪ್ರಮೇಯದ ಪ್ರಕಾರ ಬಿನ್‌ಗಳು ಗೌಸಿಯನ್ ಆಗಿಬಿಡುತ್ತವೆ, ಮೂಲ ಸರಣಿ ಏನೇ ಆಗಿದ್ದಿರಲಿ. ಆದ್ದರಿಂದ ಸ್ಪೆಕ್ಟ್ರಮ್ ನೋಡಿ ನನ್ನ ನಾಯ್ಸ್ ಗೌಸಿಯನ್ ಎಂದು ತೀರ್ಮಾನಿಸಲು ಬರುವುದಿಲ್ಲ. ಅದಕ್ಕೆ ಕಾಲದ ಸ್ಯಾಂಪಲ್‌ಗಳ ಹಿಸ್ಟೋಗ್ರಾಮ್ ಬೇಕು. ನಿಮ್ಮ ಕೆಲಸದಲ್ಲಿ ಇದು ಬರಿಯ ತತ್ತ್ವದ ಮಾತಲ್ಲ. ಬೇರಿಂಗ್‌ನಲ್ಲಿ ಬಿರುಕು ಶುರುವಾದಾಗ ಬರುವ ಚಿಕ್ಕ ಚಿಕ್ಕ ಹೊಡೆತಗಳು ಎಲ್ಲ ಆವೃತ್ತಿಗಳಲ್ಲೂ ಹರಡಿಕೊಂಡು ಸ್ಪೆಕ್ಟ್ರಮ್‌ನಲ್ಲಿ ಮುಚ್ಚಿಹೋಗಬಹುದು, ಆದರೆ ಹಿಸ್ಟೋಗ್ರಾಮ್‌ನ ಬಾಲಗಳನ್ನು ಅವು ಉದ್ದ ಮಾಡುತ್ತವೆ. ಕಂಪನ ಅಳೆಯುವವರು ಕರ್ಟೋಸಿಸ್ (ಈ ಬಾಲಗಳು ಎಷ್ಟು ಭಾರ ಎಂಬ ಅಳತೆ) ಲೆಕ್ಕ ಹಾಕುವುದು ಇದೇ ಕಾರಣಕ್ಕೆ. ಗೌಸಿಯನ್ ನಾಯ್ಸ್‌ಗೆ ಅದರ ಬೆಲೆ 3, ಹೊಡೆತಗಳು ಸೇರಿದಾಗ ಅದು ಮೇಲಕ್ಕೇರುತ್ತದೆ.

ಪೀಣ್ಯದ ಕಂಪನ

ಇಬ್ಬರಿಗೂ ಧನ್ಯವಾದಗಳು. ಮೇಷ್ಟ್ರು ಹೇಳಿದಂತೆ ಸಾಂದ್ರತೆಯನ್ನು ತೆಗೆದು ನೋಡಿದ ಮೇಲೆ ಹೊಸ ತೊಡಕೊಂದು ಕಾಣಿಸಿದೆ. ಸೆನ್ಸರ್‌ನ ಡೇಟಾಶೀಟ್‌ನಲ್ಲಿ ನಾಯ್ಸ್ ಸಾಂದ್ರತೆ ಹರ್ಟ್ಸ್‌ನ ವರ್ಗಮೂಲಕ್ಕೆ 100 ಮೈಕ್ರೋ ಜಿ (ಜಿ ಎಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ) ಎಂದಿದೆ. ನನ್ನ ಬ್ಯಾಂಡ್‌ವಿಡ್ತ್ 5,120 ಹರ್ಟ್ಸ್ ಆದ್ದರಿಂದ ಅದರ ವರ್ಗಮೂಲದಿಂದ ಗುಣಿಸಿದರೆ ಮಾನಕ ವಿಚಲನೆ ಸುಮಾರು 7.2 ಮಿಲಿ ಜಿ ಬರಬೇಕು. ದಾಖಲೆಯಲ್ಲಿ ಬರುತ್ತಿರುವುದು 14ಕ್ಕಿಂತ ಸ್ವಲ್ಪ ಹೆಚ್ಚು. ಸಿಗ್ನಲ್ಲನ್ನು ಸಂಖ್ಯೆಗಳಾಗಿಸುವ ಎಡಿಸಿ 12 ಬಿಟ್‌ನದು, ವ್ಯಾಪ್ತಿ −16ರಿಂದ +16 ಜಿ. ಕ್ವಾಂಟೈಸೇಷನ್ ನಾಯ್ಸ್ (ಬೆಲೆಯನ್ನು ಹತ್ತಿರದ ಮೆಟ್ಟಿಲಿಗೆ ಸುತ್ತುವುದರಿಂದ ಬರುವ ದೋಷ) ಸೇರಿಕೊಂಡು ಹೀಗಾಗಿರಬಹುದೇ? ಇಡೀ ರಾತ್ರಿ ದಾಖಲಿಸಿ ಸರಾಸರಿ ಮಾಡಿದರೆ ಈ ನಾಯ್ಸನ್ನು ಇಲ್ಲವಾಗಿಸಬಹುದೇ?

ಉತ್ತರ: ಮಲ್ಲೇಶ್ವರದ ಮೇಷ್ಟ್ರು

ಕ್ವಾಂಟೈಸೇಷನ್ ಕಾರಣವಲ್ಲ, ಲೆಕ್ಕ ಮಾಡಿ ನೋಡೋಣ. 32 ಜಿ ವ್ಯಾಪ್ತಿಯನ್ನು 4,096 ಮೆಟ್ಟಿಲುಗಳಾಗಿ ಹಂಚಿದರೆ ಒಂದು ಮೆಟ್ಟಿಲು 7.8 ಮಿಲಿ ಜಿ. ಸುತ್ತುವಿಕೆಯ ದೋಷ ಈ ಮೆಟ್ಟಿಲಿನೊಳಗೆ ಸಮವಾಗಿ ಹರಡಿದೆ ಎಂದರೆ ಅದರ ಮಾನಕ ವಿಚಲನೆ ಮೆಟ್ಟಿಲನ್ನು 12ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 2.3 ಮಿಲಿ ಜಿ. ಯಾದೃಚ್ಛಿಕ ನಾಯ್ಸ್‌ಗಳನ್ನು ಕೂಡಿಸುವುದು ವರ್ಗಗಳಲ್ಲಿ, 7.2ರ ಜೊತೆ 2.3 ಸೇರಿದರೆ 7.5 ಆಗುತ್ತದೆಯೇ ಹೊರತು 14 ಆಗುವುದಿಲ್ಲ. ಈ ದೋಷವನ್ನು ನಾಯ್ಸ್ ಎಂದು ಕರೆಯಲು ಬೆನೆಟ್ 1948ರಲ್ಲಿ ಹಾಕಿಕೊಟ್ಟ ತಳಹದಿ ನಿಮ್ಮ ವಿಷಯದಲ್ಲಿ ಗಟ್ಟಿಯಾಗಿಯೇ ಇದೆ, ಏಕೆಂದರೆ ಸೆನ್ಸರ್‌ನ ಸ್ವಂತ ನಾಯ್ಸ್ ಸುಮಾರು ಒಂದು ಮೆಟ್ಟಿಲಿನಷ್ಟಿದ್ದು ದೋಷವನ್ನು ಚೆನ್ನಾಗಿ ಕಲಕುತ್ತಿದೆ. ಸೆನ್ಸರ್ ಇನ್ನೂ ಬಹಳ ಶಾಂತವಾಗಿದ್ದಿದ್ದರೆ ಆ ದೋಷ ಸಿಗ್ನಲ್ಲಿಗೇ ಅಂಟಿಕೊಂಡು ಹಾರ್ಮೋನಿಕ್ ಗೆರೆಗಳಾಗಿ ಕಾಣುತ್ತಿತ್ತು, ಆಗ ಬೇಕೆಂದೇ ಡಿದರ್ ಎಂಬ ಚಿಕ್ಕ ನಾಯ್ಸನ್ನು ಸೇರಿಸಬೇಕಾಗುತ್ತಿತ್ತು.

ನನ್ನ ಅನುಮಾನ ಏಲಿಯಾಸಿಂಗ್ ಮೇಲೆ, ಅಂದರೆ ಸ್ಯಾಂಪಲಿಂಗ್ ದರದ ಅರ್ಧಕ್ಕಿಂತ ಮೇಲಿನ ಆವೃತ್ತಿಗಳು ಮಡಚಿಕೊಂಡು ಕೆಳಗಿನ ಆವೃತ್ತಿಗಳಾಗಿ ಕಾಣುವುದರ ಮೇಲೆ. ಎಡಿಸಿಗೆ ಮುಂಚೆ ಅನಲಾಗ್ ಫಿಲ್ಟರ್ ಇಲ್ಲದೆ, ಸೆನ್ಸರ್‌ನ ನಾಯ್ಸ್ 20 ಕಿಲೋಹರ್ಟ್ಸ್‌ವರೆಗೂ ಹಬ್ಬಿದ್ದರೆ, 5,120 ಹರ್ಟ್ಸ್ ಅಗಲದ ನಾಲ್ಕು ಪಟ್ಟಿಗಳು ಮಡಚಿಕೊಂಡು ಒಂದರ ಮೇಲೊಂದು ಬೀಳುತ್ತವೆ. ಪವರ್ 4 ಪಟ್ಟು, ಮಾನಕ ವಿಚಲನೆ 2 ಪಟ್ಟು, ಅಂದರೆ 14.3. ಸ್ಯಾಂಪಲ್ ಮಾಡಿದ ಮೇಲೆ ಯಾವ ಡಿಜಿಟಲ್ ಫಿಲ್ಟರ್‌ನಿಂದಲೂ ಇದನ್ನು ಬೇರ್ಪಡಿಸಲಾಗದು. ಖಚಿತಪಡಿಸಿಕೊಳ್ಳಲು ಸ್ಯಾಂಪಲಿಂಗ್ ದರವನ್ನು 40,960ಕ್ಕೆ ಏರಿಸಿ ನೋಡಿ. ಒಟ್ಟು ಮಾನಕ ವಿಚಲನೆ 14ರಲ್ಲೇ ಉಳಿದು, ಸಾಂದ್ರತೆ ಮಾತ್ರ 200ರಿಂದ 100 ಮೈಕ್ರೋ ಜಿಗೆ ಇಳಿದರೆ ಮಡಚಿಕೆಯೇ ಕಾರಣ. ಎಸ್.ಪಿ. ರಸ್ತೆಯಲ್ಲಿ ಸಿಗುವ ಒಂದು ಆಪ್‌ಆಂಪ್, ಕೆಲವು ರೆಸಿಸ್ಟರ್ ಮತ್ತು ಕೆಪ್ಯಾಸಿಟರ್‌ಗಳಿಂದ ಫಿಲ್ಟರ್ ಕಟ್ಟಿಕೊಳ್ಳಬಹುದು. ಅದರ ಕಟ್ ಆಫ್ ಅನ್ನು 5,120 ಹರ್ಟ್ಸ್‌ಗಿಂತ ಸಾಕಷ್ಟು ಕೆಳಗೆ ಇಡಿ.

ಉತ್ತರ: ಮೇಖ್ರಿ ವೃತ್ತದ ಆಂಟೆನಾ

ರಾತ್ರಿಯಿಡೀ ಸರಾಸರಿ ಮಾಡುವ ಪ್ರಶ್ನೆಗೆ ರೇಡಿಯೊ ಖಗೋಳದವರ ಅನುಭವ ನೆರವಾದೀತು, ಏಕೆಂದರೆ ನಮಗೆ ಆಕಾಶದಿಂದ ಬರುವ ಸಿಗ್ನಲ್ಲೇ ಯಾದೃಚ್ಛಿಕ ನಾಯ್ಸ್. ಗೌರಿಬಿದನೂರಿನ ಹಳೆಯ ಆಂಟೆನಾ ಸಾಲು ಕೆಲಸ ಮಾಡುತ್ತಿದ್ದ 34.5 ಮೆಗಾಹರ್ಟ್ಸ್‌ನಲ್ಲಿ ನಮ್ಮ ಗ್ಯಾಲಕ್ಸಿಯ ನಾಯ್ಸ್ ರಿಸೀವರ್‌ನ ನಾಯ್ಸನ್ನೇ ಮುಳುಗಿಸುತ್ತದೆ. ನಾವು ಅಳೆಯುವುದು ಅದರ ವೇರಿಯನ್ಸನ್ನು (ಮಾನಕ ವಿಚಲನೆಯ ವರ್ಗವನ್ನು), ಮತ್ತು ಆ ಅಳತೆಯ ಅನಿಶ್ಚಿತತೆಯು ಬ್ಯಾಂಡ್‌ವಿಡ್ತ್ ಹಾಗೂ ಕಾಲಾವಧಿಗಳ ಗುಣಲಬ್ಧದ ವರ್ಗಮೂಲದಿಂದ ತಗ್ಗುತ್ತದೆ. ಒಟ್ಟು ನಾಯ್ಸ್ ತಾಪ (ನಾಯ್ಸ್‌ನ ಪವರನ್ನು ತಾಪವಾಗಿ ಹೇಳುವ ರೀತಿ) 2,000 ಕೆಲ್ವಿನ್ ಇದ್ದು ಬ್ಯಾಂಡ್‌ವಿಡ್ತ್ 1 ಮೆಗಾಹರ್ಟ್ಸ್ ಆದರೆ ಒಂದು ಸೆಕೆಂಡಿನಲ್ಲಿ 2 ಕೆಲ್ವಿನ್ ಅನಿಶ್ಚಿತತೆ ಉಳಿಯುತ್ತದೆ, ಅದನ್ನು 0.02 ಕೆಲ್ವಿನ್‌ಗೆ ಇಳಿಸಲು 10,000 ಸೆಕೆಂಡು ಬೇಕು.

ಕಾಗದದ ಮೇಲೆ ಇದಕ್ಕೆ ಕೊನೆಯಿಲ್ಲ, ಉಪಕರಣದಲ್ಲಿ ಇದೆ. ಆಕಾಶದ ರೇಡಿಯೊ ಸ್ಪೆಕ್ಟ್ರಮ್ ಅಳೆಯುವ ಎಡ್ಜಸ್ ಪ್ರಯೋಗದವರು 2018ರಲ್ಲಿ 78 ಮೆಗಾಹರ್ಟ್ಸ್‌ನ ಬಳಿ ಸುಮಾರು ಅರ್ಧ ಕೆಲ್ವಿನ್ ಆಳದ ತಗ್ಗೊಂದನ್ನು ಕಂಡದ್ದಾಗಿ ಪ್ರಕಟಿಸಿದಾಗ, ಚರ್ಚೆ ಯಾದೃಚ್ಛಿಕ ನಾಯ್ಸ್ ಸಾಕಷ್ಟು ತಗ್ಗಿತ್ತೇ ಎಂಬುದಕ್ಕಿಂತ, ಆಂಟೆನಾ ಮತ್ತು ಅದರ ಕೆಳಗಿನ ನೆಲ ತಮ್ಮದೇ ಆಕಾರವನ್ನು ಸ್ಪೆಕ್ಟ್ರಮ್‌ಗೆ ಸೇರಿಸಿವೆಯೇ ಎಂಬುದರ ಸುತ್ತ ನಡೆಯಿತು. ಇಲ್ಲಿಯ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ 3 ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಸಿದ್ದು, ಆಂಟೆನಾದ ಕೆಳಗೆ ಏಕರೂಪದ ಮಾಧ್ಯಮವಿರಲಿ ಎಂಬ ಉದ್ದೇಶದಿಂದ. 2022ರಲ್ಲಿ ಪ್ರಕಟವಾದ ಅವರ ವಿಶ್ಲೇಷಣೆಯಲ್ಲಿ ಆ ತಗ್ಗು ಕಾಣಲಿಲ್ಲ. ಉಪಕರಣವೇ ಸೇರಿಸುವ ಇಂಥ ಆಕಾರ ಸರಾಸರಿಯಿಂದ ಕರಗುವುದಿಲ್ಲ.

ನಿಮ್ಮ ಸೆನ್ಸರ್‌ನಲ್ಲೂ ತಾಪದೊಂದಿಗೆ ಜಾರುವ ಸೊನ್ನೆಯ ಮಟ್ಟ ಮತ್ತು ಆವೃತ್ತಿ ಕಡಿಮೆಯಾದಂತೆ ಏರುವ ಫ್ಲಿಕರ್ ನಾಯ್ಸ್ ಇದ್ದೇ ಇರುತ್ತವೆ. ಪರಮಾಣು ಗಡಿಯಾರಗಳಿಗಾಗಿ ಡೇವಿಡ್ ಆಲನ್ 1966ರಲ್ಲಿ ಕೊಟ್ಟ ವಿಧಾನವನ್ನು ಇಲ್ಲಿ ಬಳಸಬಹುದು. ರಾತ್ರಿಯ ದಾಖಲೆಯನ್ನು ಒಂದು ಸೆಕೆಂಡಿನ ತುಂಡುಗಳಾಗಿ ಮಾಡಿ, ಅಕ್ಕಪಕ್ಕದ ತುಂಡುಗಳ ಸರಾಸರಿಗಳ ವ್ಯತ್ಯಾಸದಿಂದ ವೇರಿಯನ್ಸ್ ಲೆಕ್ಕ ಹಾಕಿ. ಬಳಿಕ ಎರಡು, ನಾಲ್ಕು, ಎಂಟು ಸೆಕೆಂಡುಗಳಿಗೆ ಅದನ್ನೇ ಮಾಡುತ್ತ ಹೋಗಿ. ಅದರ ವರ್ಗಮೂಲವನ್ನು ಅವಧಿಯ ಎದುರು ಎರಡೂ ಅಕ್ಷಗಳು ಲಾಗ್ ಇರುವ ನಕ್ಷೆಯಲ್ಲಿ ಎಳೆದರೆ, ವೈಟ್ ನಾಯ್ಸ್ ಆಳುವವರೆಗೆ ಗೆರೆ ಅರ್ಧದ ಇಳಿಜಾರಿನಲ್ಲಿ ಇಳಿದು, ಒಂದು ಕಡೆ ಸಮತಟ್ಟಾಗಿ, ಮುಂದೆ ಮತ್ತೆ ಮೇಲೇಳುತ್ತದೆ. ಸಮತಟ್ಟಾಗುವ ಆ ಅವಧಿಯನ್ನು ಮೀರಿ ನೀವು ಸೇರಿಸುವ ಸ್ಯಾಂಪಲ್‌ಗಳು ಡಿಸ್ಕ್‌ನಲ್ಲಿ ಜಾಗ ತುಂಬುತ್ತವೆಯೇ ಹೊರತು ಅಳತೆಯನ್ನು ಉತ್ತಮಪಡಿಸುವುದಿಲ್ಲ.