ಅಪ್‌ಡೇಟ್: ಕಾರವಾರದಲ್ಲಿ ಗ್ಯಾಸ್, ಮೀನಿನ ಖರ್ಚು ಇಳಿಸಿದ ಬಗೆ

ಪುಟ್ಟ ಮಗು ಇರುವ ಮನೆಯಲ್ಲಿ ಗ್ಯಾಸ್ ಮತ್ತು ಮೀನಿನ ಖರ್ಚು ಇಳಿಸುವುದು ಹೇಗೆ ಎಂದು ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಧನ್ಯವಾದ.

ಹೆಚ್ಚು ಗ್ಯಾಸ್ ಹೋಗುತ್ತಿದ್ದದ್ದು ಕುಚ್ಚಲಕ್ಕಿಗೆ. ರಾತ್ರಿಯೇ ತೊಳೆದು ನೆನೆಹಾಕಿ, ಬೆಳಿಗ್ಗೆ ಆ ನೀರು ಬಸಿದು, ಲೋಟ ಅಕ್ಕಿಗೆ ನಾಲ್ಕು ಲೋಟ ಹೊಸ ನೀರು ಹಾಕಿ ಕುಕ್ಕರಿನಲ್ಲಿಡಿ. ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಸಾಕು. ಆರಿಸಿದ ಮೇಲೆ ಪ್ರೆಶರ್ ತಾನಾಗಿ ಇಳಿಯಲಿ. ಅಕ್ಕಿ ಪೂರ್ತಿ ಬೇಯುವುದು ಆ ಬಿಸಿಯಲ್ಲೇ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಗಂಜಿ ಸೀಟಿಯಿಂದ ಉಕ್ಕುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ತಾಜಾ ಮೀನು ದುಬಾರಿ. ಒಣಮೀನು ಮೇ ತಿಂಗಳಲ್ಲೇ ಕೊಳ್ಳಿ. ಒತ್ತಿದರೆ ಮೆತ್ತಗಿರುವುದು ಬೇಡವೇ ಬೇಡ, ಮಳೆಗೆ ಬೂಸ್ಟು ಹಿಡಿಯುತ್ತದೆ. ತಂದದ್ದನ್ನು ಇನ್ನೊಮ್ಮೆ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಬಿಗಿ ಡಬ್ಬಿಗೆ ತುಂಬಿ.